ಮಣ್ಣು ಪರೀಕ್ಷೆಯ ವರದಿಯಲ್ಲಿ ರಂಜಕದ ಅಂಕೆ

ವರದಿಯಲ್ಲಿ ರಂಜಕ "ಹೆಚ್ಚು" ಎಂದು ಬರೆದಿದ್ದರೆ ಆ ವರ್ಷ ರಾಕ್ ಫಾಸ್ಫೇಟ್ ಹಾಕುವುದನ್ನೇ ಬಿಟ್ಟುಬಿಡುವ ಬೆಳೆಗಾರರುಂಟು. ಹಣ ಉಳಿಯಿತೆಂದು ಸಮಾಧಾನ. ಆದರೆ ಆ ಅಂಕೆ ಬಂದ ಬಗೆಯನ್ನು ಅರಿಯದೆ ಹೀಗೆ ಮಾಡಿದರೆ ಗಿಡ ಹಸಿದಿರುವ ಸಂಭವವಿದೆ.

ದೋಣಿಗಲ್ ಸುತ್ತಿನ ಕೆಂಪು ಮಣ್ಣಿನಲ್ಲಿ ರಂಜಕ ಇಲ್ಲವೆಂದಲ್ಲ. ಘಟ್ಟದ ಮಳೆಗೆ ಸುಣ್ಣದ ಅಂಶ ತೊಳೆದುಹೋಗಿ ಮಣ್ಣು ಹುಳಿಯಾಗುತ್ತದೆ. ಆಗ ಅದರಲ್ಲಿರುವ ಕಬ್ಬಿಣ, ಅಲ್ಯೂಮಿನಿಯಂಗಳು ರಂಜಕವನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತವೆ. ಮಣ್ಣಿನಲ್ಲಿ ಇರುವುದು ಬೇರೆ, ಬೇರಿಗೆ ಸಿಕ್ಕುವುದು ಬೇರೆ. ಪ್ರಯೋಗಾಲಯದವರು ಅಂದಾಜು ಮಾಡಬೇಕಾದ್ದು ಎರಡನೆಯದನ್ನು.

ಹುಳಿ ಮಣ್ಣಿಗೆ ಹೊಂದುವ ವಿಧಾನವನ್ನು 1945ರಲ್ಲಿ ಅಮೆರಿಕದ ಬ್ರೇ ಮತ್ತು ಕರ್ಟ್ಜ್ ಎಂಬ ವಿಜ್ಞಾನಿಗಳು ಪ್ರಕಟಿಸಿದರು. ಅತಿ ತೆಳುವಾದ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಅಮೋನಿಯಂ ಫ್ಲೋರೈಡ್ ಕರಗಿಸಿ, ಆ ದ್ರಾವಣದಲ್ಲಿ ಮಣ್ಣನ್ನು ಕೆಲವೇ ನಿಮಿಷ ಕುಲುಕಿ ಸೋಸುತ್ತಾರೆ. ಫ್ಲೋರೈಡು ಅಲ್ಯೂಮಿನಿಯಂ ಅನ್ನು ತಾನು ಹಿಡಿದುಕೊಂಡು ರಂಜಕವನ್ನು ಬಿಡಿಸಿಕೊಡುತ್ತದೆ. ಸೋಸಿದ ನೀರಿಗೆ ಮಾಲಿಬ್ಡೇಟ್ ಮತ್ತು ಅಸ್ಕಾರ್ಬಿಕ್ ಆಮ್ಲ (ನಿಂಬೆಹಣ್ಣಿನಲ್ಲಿರುವ ಸಿ ಜೀವಸತ್ವವೇ ಇದು) ಸೇರಿಸಿದರೆ ನೀಲಿ ಬಣ್ಣ ಬರುತ್ತದೆ. ನೀಲಿ ಗಾಢವಾದಷ್ಟೂ ರಂಜಕ ಹೆಚ್ಚು. ಬಣ್ಣವನ್ನು ಯಂತ್ರದಲ್ಲಿ ಅಳೆದು ಲೆಕ್ಕ ಕಟ್ಟುತ್ತಾರೆ.

ಇನ್ನೊಂದು ಓಲ್ಸೆನ್ ವಿಧಾನ, 1954ರದು. ಅಡಿಗೆ ಸೋಡಾದ ದ್ರಾವಣವನ್ನು 8.5 ರಸಸಾರಕ್ಕೆ ತಂದು ಅದರಲ್ಲಿ ಮಣ್ಣನ್ನು ಅರ್ಧ ಗಂಟೆ ಕುಲುಕುತ್ತಾರೆ. ವಿಜಯಪುರದ ಕಡೆಯ ಸುಣ್ಣದ ಕಪ್ಪು ಮಣ್ಣಿಗೆ ಇದೇ ಸರಿ. ಅಲ್ಲಿ ಬ್ರೇ ಆಮ್ಲವನ್ನು ಸುಣ್ಣವೇ ನುಂಗಿಬಿಡುತ್ತದೆ. ಒಂದೇ ಮಣ್ಣಿಗೆ ಎರಡು ವಿಧಾನಗಳಲ್ಲಿ ಎರಡು ಅಂಕೆ ಬರುವುದರಿಂದ, ಹೋದ ಸಲದ ಬ್ರೇ ವರದಿಯನ್ನು ಈ ಸಲದ ಓಲ್ಸೆನ್ ವರದಿಯೊಡನೆ ಹೋಲಿಸತಕ್ಕದ್ದಲ್ಲ. ಅಂಕೆ ಬರೀ ರಂಜಕದ್ದೋ, ಗೊಬ್ಬರದ ಚೀಲದ ಮೇಲಿರುವಂತೆ ಪಿ2ಓ5 ಲೆಕ್ಕದ್ದೋ ಎಂಬುದನ್ನೂ ನೋಡಿರಿ. ಹೆಕ್ಟೇರಿಗೆ 10 ಕಿಲೋ ರಂಜಕವೆಂದರೆ ಸುಮಾರು 23 ಕಿಲೋ ಪಿ2ಓ5.

ಮೊದಲು ಹೇಳಿದ "ಹೆಚ್ಚು" ಎಂಬುದಕ್ಕೆ ಬರೋಣ. ಹಾಕಿದ ರಾಕ್ ಫಾಸ್ಫೇಟ್ ಮಣ್ಣಿನಲ್ಲಿ ಇನ್ನೂ ಕರಗದೆ ಪುಡಿಯಾಗಿಯೇ ಇದ್ದಾಗ ಮಾದರಿ ತೆಗೆದರೆ, ಬ್ರೇ ದ್ರಾವಣದ ಆಮ್ಲ ಆ ಪುಡಿಯನ್ನೂ ಒಂದಿಷ್ಟು ಕರಗಿಸುತ್ತದೆ. ಬೇರಿಗೆ ಇನ್ನೂ ದಕ್ಕದ ರಂಜಕವೂ ಲೆಕ್ಕಕ್ಕೆ ಸೇರಿ ವರದಿ ಉಬ್ಬುತ್ತದೆ. ಆದ್ದರಿಂದ ಗೊಬ್ಬರ ಹಾಕುವ ಮೊದಲೇ ಮಾದರಿ ತೆಗೆಯಿರಿ. ತರಗು ಸರಿಸಿ, ಒಂಬತ್ತು ಅಂಗುಲ ಆಳದವರೆಗಿನ ಮಣ್ಣನ್ನು ಹತ್ತಾರು ಕಡೆಯಿಂದ ತೆಗೆದು ಬೆರೆಸಬೇಕು. ಅಡಿಕೆ ತೋಟದ ಮಣ್ಣನ್ನು ಕಾಫಿಯದರೊಡನೆ ಬೆರೆಸದೆ ಬೇರೆಯಾಗಿಯೇ ಕಟ್ಟಿರಿ. ಗೊಬ್ಬರದ ಹಳೆ ಚೀಲದಲ್ಲಂತೂ ಮಣ್ಣು ತುಂಬಲೇಬೇಡಿ. ರಾಕ್ ಫಾಸ್ಫೇಟನ್ನು ಕೊನೆಯ ಸಲ ಯಾವ ತಿಂಗಳಲ್ಲಿ, ಎಷ್ಟು ಹಾಕಿದ್ದೆಂದು ಚೀಟಿಯಲ್ಲಿ ಬರೆದು ಮಾದರಿಯೊಡನೆ ಕಳುಹಿಸಿರಿ.