ಲಾಕಪ್ಪಿನಲ್ಲಿ ಕಾಯಿಲೆ ಬಿದ್ದರೆ ಹೊಣೆ ಯಾರದು?

ತಪ್ಪು ಕಲ್ಪನೆ: ಬಂಧಿತನಿಗೆ ಔಷಧ ಕೊಡಿಸುವುದು ಠಾಣೆಯವರ ಒಳ್ಳೆಯತನ.

ವಾಸ್ತವ: ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 56ನೇ ಕಲಂ ಪ್ರಕಾರ ಬಂಧಿತನ ಆರೋಗ್ಯ ಮತ್ತು ಸುರಕ್ಷತೆಯನ್ನು ನೋಡಿಕೊಳ್ಳಬೇಕಾದವರು ಅವನನ್ನು ವಶದಲ್ಲಿಟ್ಟುಕೊಂಡವರೇ. ಸಕ್ಕರೆ ಕಾಯಿಲೆಯವನು ಲಾಕಪ್ಪಿನಿಂದೆದ್ದು ಮೆಡಿಕಲ್ ಶಾಪಿಗೆ ಹೋಗಿ ಇನ್ಸುಲಿನ್ ತರಲಾರ. ಬೀಗದ ಕೈ ಯಾರ ಬಳಿಯಿದೆಯೋ ಕೇಳಬೇಕಾದ್ದು ಅವರನ್ನೇ.

ತಪ್ಪು ಕಲ್ಪನೆ: ‘ಮೆಡಿಕಲ್ ಮಾಡಿಸೋದು’ ಕೋರ್ಟಿಗೆ ಹಾಜರುಪಡಿಸುವ ಮುಂಚಿನ ಒಂದು ಶಾಸ್ತ್ರ.

ವಾಸ್ತವ: ಸರಹೊತ್ತಿನಲ್ಲಿ ಸರ್ಕಾರಿ ಆಸ್ಪತ್ರೆಗೆ ಕರೆತಂದು, ಪೇದೆ ಪಕ್ಕದಲ್ಲೇ ನಿಂತಿರುವಾಗ ‘ಏನಾದ್ರೂ ತೊಂದ್ರೆ ಇದೆಯಾ?’ ಎಂದು ಕೇಳಿ ಸಹಿ ಹಾಕಿ ಕಳಿಸಿದರೆ ಅದು ಶಾಸ್ತ್ರವೇ, ಒಪ್ಪುತ್ತೇನೆ. ಆದರೆ 53ನೇ ಕಲಂ ಹೇಳುವುದು ಬೇರೆ. ಬಂಧಿಸಿದ ಕೂಡಲೇ ವೈದ್ಯಾಧಿಕಾರಿ ಪರೀಕ್ಷಿಸಬೇಕು. ಗಾಯ, ಹೊಡೆತದ ಗುರುತುಗಳಿದ್ದರೆ ಬರೆಯಬೇಕು. ಅವು ಸುಮಾರು ಯಾವ ಹೊತ್ತಿಗೆ ಆದವೆಂಬುದನ್ನೂ ದಾಖಲಿಸಬೇಕು. ಗಾಯ ಬಂಧನಕ್ಕೆ ಮೊದಲಿನದೋ ಆಮೇಲಿನದೋ ಎಂದು ನ್ಯಾಯಾಧೀಶರಿಗೆ ತಿಳಿಯುವುದು ಆ ಒಂದು ಸಾಲಿನಿಂದ. ಅದನ್ನು ಖಾಲಿ ಬಿಡುವ ವೈದ್ಯರು ತಮ್ಮ ಕರ್ತವ್ಯ ಮಾಡಿಲ್ಲ. ಬಂಧಿತಳು ಹೆಣ್ಣಾದರೆ ಪರೀಕ್ಷೆ ಮಹಿಳಾ ವೈದ್ಯರಿಂದ ಅಥವಾ ಅವರ ಮೇಲ್ವಿಚಾರಣೆಯಲ್ಲೇ ನಡೆಯಬೇಕು.

ಒಂದು ಸಲ ತೋರಿಸಿದರೆ ಮುಗಿಯಿತು ಎಂದೂ ಅಲ್ಲ. ಕಸ್ಟಡಿಯಲ್ಲಿರುವಷ್ಟು ಕಾಲ 48 ಗಂಟೆಗೊಮ್ಮೆ ವೈದ್ಯಕೀಯ ಪರೀಕ್ಷೆ ಆಗಬೇಕೆಂದು ಡಿ.ಕೆ. ಬಸು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1996ರಲ್ಲೇ ಆದೇಶಿಸಿದೆ.

ತಪ್ಪು ಕಲ್ಪನೆ: ಕೊಲೆ ಮಾಡಿದವನಿಗೆ ಯಾಕೆ ಸರ್ಕಾರಿ ಖರ್ಚಿನಲ್ಲಿ ಆರೈಕೆ?

ವಾಸ್ತವ: ನೊಂದವರ ಮನೆಯಿಂದ ಈ ಪ್ರಶ್ನೆ ಬಂದರೆ ಅದರ ಹಿಂದಿನ ಸಂಕಟ ಅರ್ಥವಾಗುತ್ತದೆ. ಆದರೂ ನ್ಯಾಯಾಲಯ ಕೊಡುವುದು ಸೆರೆವಾಸದ ಶಿಕ್ಷೆ, ಕಾಯಿಲೆಯ ಶಿಕ್ಷೆಯಲ್ಲ. ಜೀವಿಸುವ ಹಕ್ಕನ್ನು ಕಾಯುವ ಸಂವಿಧಾನದ 21ನೇ ವಿಧಿ ಜೈಲಿನ ಗೋಡೆಯಾಚೆ ನಿಲ್ಲುವುದಿಲ್ಲ. ನಿರಪರಾಧಿಯಿರಲಿ, ಅಪರಾಧಿಯಿರಲಿ, ಜೀವ ಉಳಿಸುವುದು ವೈದ್ಯರ ಕರ್ತವ್ಯವೆಂದು 1989ರ ಪರಮಾನಂದ ಕಟಾರ ತೀರ್ಪು ಹೇಳಿದೆ. ನಮ್ಮ ಜೈಲುಗಳಲ್ಲಿರುವ ಹೆಚ್ಚಿನವರ ಮೇಲೆ ಅಪರಾಧ ಇನ್ನೂ ಸಾಬೀತಾಗಿಯೇ ಇಲ್ಲ. ಅವರು ವಿಚಾರಣಾಧೀನ ಕೈದಿಗಳು.

ತಪ್ಪು ಕಲ್ಪನೆ: ಎದೆನೋವು ಎಂದರೆ ನಾಟಕ, ನಿಜವೋ ಸುಳ್ಳೋ ವಾರ್ಡರ್ ಹೇಳಿದರೆ ಸಾಕು.

ವಾಸ್ತವ: ಅದನ್ನು ಹೇಳಬೇಕಾದವರು ವೈದ್ಯರು. ಬ್ರಿಟಿಷರ ಕಾಲದ 1894ರ ಕಾರಾಗೃಹ ಕಾಯ್ದೆಯೇ, ಕೈದಿ ವೈದ್ಯರನ್ನು ನೋಡಬೇಕೆಂದರೆ ಆ ಸುದ್ದಿಯನ್ನು ತಡಮಾಡದೆ ಜೈಲರಿಗೆ ಮುಟ್ಟಿಸಬೇಕೆಂದು ವಿಧಿಸಿತ್ತು.

ನಿಮ್ಮವರು ಯಾರಾದರೂ ಬಂಧನಕ್ಕೊಳಗಾದರೆ ವೈದ್ಯಕೀಯ ವರದಿಯ ಪ್ರತಿ ಕೇಳಿ ಪಡೆಯಿರಿ. ಬಂಧಿತನಿಗೋ ಅವನು ಹೆಸರಿಸಿದವರಿಗೋ ಅದನ್ನು ಕೊಡಲೇಬೇಕು. ದಿನನಿತ್ಯದ ಮಾತ್ರೆಗಳಿದ್ದರೆ ಚೀಟಿ ಸಮೇತ ಠಾಣೆಗೆ ಒಯ್ದು, ಮೊದಲ ಹಾಜರಿಯಲ್ಲೇ ವಕೀಲರ ಮೂಲಕ ಮ್ಯಾಜಿಸ್ಟ್ರೇಟರ ಗಮನಕ್ಕೆ ತನ್ನಿ.