ಮಗ್ಗ ನಿಂತರೆ ನಿಲ್ಲಲಿ

ಮೈ ಸುಡುತ್ತಿದ್ದರೂ ಫೋನಿನಲ್ಲಿ ‘ಆರಾಮ ಅದೀನವ್ವ, ಊಟ ಆತು’ ಎನ್ನುವ ಮಕ್ಕಳು ನಮ್ಮ ಸೀಮೆಯಲ್ಲಿ ಬಹಳ. ಬೆಂಗಳೂರಿನ ಪಿ.ಜಿ.ಯಲ್ಲೋ ಮಂಗಳೂರಿನ ಹಾಸ್ಟೆಲಿನಲ್ಲೋ ಚಾದರ ಹೊದ್ದು ಮಲಗಿದ ಹುಡುಗ, ಇಳಕಲ್ಲಿನಲ್ಲಿ ಕಂಡಿಕೆ ಸುತ್ತುತ್ತ ಕಿವಿಗೆ ಫೋನ್ ಒತ್ತಿಕೊಂಡ ತಾಯಿಗೆ ಸುಳ್ಳು ಹೇಳುತ್ತಾನೆ. ‘ಯಾಕೋ ದನಿ ಬ್ಯಾರೆ ಆಗೇತಲ್ಲ’ ಎಂದು ಆಕೆ ಕೇಳಿದರೆ ‘ಥಂಡಿ ಆಗೇತಿ ಬಿಡು’ ಎಂಬಲ್ಲಿಗೆ ಮಾತು ಮುಗಿಯುತ್ತದೆ. ನಿಜ ತಿಳಿಯುವುದು ನಾಲ್ಕೈದು ದಿನದ ಮೇಲೆ, ಗೆಳೆಯನ ಫೋನಿನಿಂದ, ಆಸ್ಪತ್ರೆಯ ವರಾಂಡದಿಂದ.

ಹುಡುಗ ಮುಚ್ಚಿಡುವುದು ಮನೆಯ ಲೆಕ್ಕ ಅವನಿಗೆ ಬಾಯಿಪಾಠ ಇರುವುದರಿಂದ. ಇಳಕಲ್ ಸೀರೆಯ ಒಡಲಿಗೆ ಒಂದು ಹಾಸು, ಸೆರಗಿಗೆ ರೇಷ್ಮೆಯ ಇನ್ನೊಂದು ಹಾಸು. ಎರಡನ್ನೂ ಕೊಂಡಿ ಹಾಕಿ ಎಳೆಗೆ ಎಳೆ ಕೂಡಿಸಬೇಕು. ಟೋಪ್ ತೆನಿ ಸೆರಗಿನ ಅಂದಕ್ಕೆ ಮನೆಮಂದಿಯ ಕೈಯೆಲ್ಲ ಬೇಕು. ಅಪ್ಪ ಕುಣಿಮಗ್ಗದಲ್ಲಿ, ಅವ್ವ ಕಂಡಿಕೆಯಲ್ಲಿ. ಇಬ್ಬರಲ್ಲಿ ಒಬ್ಬರು ಎದ್ದು ಹೋದರೆ ಸೀರೆ ಇಳಿಯುವುದಿಲ್ಲ, ಸೀರೆ ಇಳಿಯದಿದ್ದರೆ ಮಜೂರಿ ಇಲ್ಲ. ಗುಳೇದಗುಡ್ಡದ ಖಣದ ಮನೆಗಳಲ್ಲೂ ಇದೇ ಕಥೆ. ಹುನಗುಂದದ ಎರೆಹೊಲದವರಿಗೆ ಹಿಂಗಾರಿ ಬಿತ್ತಿಗೆಯ ವಾರ ತಪ್ಪಿದರೆ ಆ ವರ್ಷದ ಬಿಳಿಜೋಳವೇ ತಪ್ಪಿದಂತೆ. ಬನದ ಹುಣ್ಣಿಮೆಯ ಬನಶಂಕರಿ ಜಾತ್ರೆಗೆ ಅಂಗಡಿ ಹಾಕಿದ ಬಾದಾಮಿಯವರು ಆ ದಿನಗಳಲ್ಲಿ ಬಾಗಿಲು ಮುಚ್ಚಲಾರರು. ಇದನ್ನೆಲ್ಲ ನೋಡುತ್ತ ಬೆಳೆದ ಹುಡುಗ ಜ್ವರವನ್ನೂ ಖರ್ಚಿನ ಬಾಬತ್ತಿಗೇ ಬರೆಯುತ್ತಾನೆ. ತಾನು ಮಲಗಿದ್ದು ತಿಳಿದರೆ ಅವ್ವ ಬರುತ್ತಾಳೆ, ಅವ್ವ ಬಂದರೆ ಮಗ್ಗ ನಿಲ್ಲುತ್ತದೆ.

ಹಾಗಾಗಿ, ದೂರದಲ್ಲಿ ಓದುವ ಮಗುವಿನ ಆರೈಕೆ ಕಾಯಿಲೆ ಬರುವ ಮೊದಲೇ, ಟ್ರಂಕು ತುಂಬುವ ದಿನವೇ ಆರಂಭವಾಗಬೇಕು ಎಂದು ನಾನು ನಂಬಿದ್ದೇನೆ. ‘ನಿನಗ ಆರಾಮ ಇಲ್ಲದಾಗ ಮಗ್ಗ ನಿಂತರ ನಿಲ್ಲವಲ್ದ್ಯಾಕ, ನೀ ಮುಚ್ಚಿಡಬ್ಯಾಡ’ ಎಂಬ ಮಾತನ್ನು ಅಪ್ಪನೇ ಬಾಯಿಬಿಟ್ಟು ಹೇಳಬೇಕು. ನಮ್ಮ ಕಡೆ ಗಂಡಸರು ಇಂಥ ಮಾತು ಆಡುವುದಿಲ್ಲ. ಮಕ್ಕಳಿಗೆ ತಾನಾಗಿ ತಿಳಿಯುತ್ತದೆ ಅಂದುಕೊಳ್ಳುತ್ತಾರೆ. ಮಕ್ಕಳು ತಿಳಿದುಕೊಳ್ಳುವುದು ಅದಕ್ಕೆ ತದ್ವಿರುದ್ಧವಾದದ್ದನ್ನು.

ಮಾತು ಕೊಟ್ಟ ಮೇಲೆ ಉಳಿಸಿಕೊಳ್ಳಬೇಕಲ್ಲ. ಜ್ವರ ಬಂದಿದೆ ಎಂದು ಮಗು ಹೇಳಿದ ಕೂಡಲೇ ನಾವು ಮಾಡುವುದೇನು? ‘ಹೊರಗಿಂದು ಏನ್ ತಿಂದಿ?’, ‘ರಾತ್ರಿಯೆಲ್ಲ ಮೊಬೈಲ್ ಹಿಡಕೊಂಡು ಕುಂತಿರ್ತಿ’. ಬೈಗುಳ ಮೊದಲು, ವಿಚಾರಣೆ ಆಮೇಲೆ. ಅದು ಮುಗಿದರೆ ಅಳು. ಅವ್ವ ಅತ್ತಾಗ ಮಲಗಿದ ಮಗಳೇ ಎದ್ದು ಕೂತು ಸಮಾಧಾನ ಹೇಳಬೇಕಾಗುತ್ತದೆ. ಮುಂದಿನ ಸಲ ಆಕೆ ಹೇಳುವುದಿಲ್ಲ. ಬೈಯದೆ ಕೇಳಿಸಿಕೊಳ್ಳುವುದು ಹೇಗೆಂದು ನಮ್ಮ ಊರೇ ಕಂಡಿದೆ. ಇಳಕಲ್ಲಿನ ಚಿತ್ತರಗಿ ಮಠದ ಡಾ. ಮಹಾಂತ ಸ್ವಾಮೀಜಿ 1975ರಿಂದ ಊರೂರಿಗೆ ಜೋಳಿಗೆ ಹಿಡಿದು ಹೋಗಿ ಜನರ ದುಶ್ಚಟಗಳನ್ನು ಭಿಕ್ಷೆ ಬೇಡಿದರು. ಅವರ ಜನ್ಮದಿನವಾದ ಆಗಸ್ಟ್ 1 ಈಗ ರಾಜ್ಯದಲ್ಲಿ ವ್ಯಸನಮುಕ್ತ ದಿನ. ಮನೆಯವರಿಗೂ ಹೇಳದ್ದನ್ನು ಜನ ಆ ಜೋಳಿಗೆಗೆ ಹಾಕಿದ್ದು, ಅದನ್ನು ಹಿಡಿದವರು ಅವಮಾನ ಮಾಡುವುದಿಲ್ಲ ಎಂಬ ಭರವಸೆ ಇದ್ದುದರಿಂದ. ಮಗಳ ಫೋನ್ ಎತ್ತುವ ತಾಯಿಯ ಕೈಯಲ್ಲೂ ಅಂಥದೊಂದು ಜೋಳಿಗೆ ಇರಬೇಕು.

ಮೊದಲು ಇಷ್ಟು ಸುಳ್ಳು ನಡೆಯುತ್ತಿರಲಿಲ್ಲ. ಹಳ್ಳಿಗಳಿಂದ ಧಾರವಾಡಕ್ಕೆ, ವಿಜಯಪುರಕ್ಕೆ, ಬಾಗಲಕೋಟೆಗೆ ಓದಲು ಹೋದವರಿಗೆ ಬೆಳಗಿನ ಬಸ್ಸಿನಲ್ಲಿ ರೊಟ್ಟಿಯ ಬುತ್ತಿ ಹೋಗುತ್ತಿತ್ತು. ಕಂಡಕ್ಟರರ ಸೀಟಿನ ಹಿಂದೆ ಸಾಲಾಗಿ ಡಬ್ಬಿ, ಮೇಲೆ ಬಣ್ಣದಲ್ಲಿ ಹೆಸರು. ಸಂಜೆ ಖಾಲಿ ಡಬ್ಬಿ ತಿರುಗಿ ಬರಬೇಕು. ರೊಟ್ಟಿ ಹಾಗೇ ಉಳಿದು ಬಂದರೆ ತಾಯಿ ಬೇರೆ ಸುದ್ದಿಗೆ ಕಾಯುತ್ತಿರಲಿಲ್ಲ, ಮರುದಿನದ ಬಸ್ಸಿನಲ್ಲಿ ತಾನೇ ಹೊರಡುತ್ತಿದ್ದಳು. ಈಗ ಸುದ್ದಿ ಕ್ಷಣದಲ್ಲಿ ಬರುತ್ತದೆ, ಉಳಿದ ರೊಟ್ಟಿ ಕಾಣುವುದಿಲ್ಲ. ಕಾಣದ್ದನ್ನು ಕೇಳಿಯೇ ತಿಳಿಯಬೇಕು. ‘ಆರಾಮ ಇದ್ದೀ ಇಲ್ಲೋ’ ಎಂದರೆ ‘ಹೂಂ’ ಎಂಬ ಉತ್ತರ ಸಿಕ್ಕೇ ಸಿಗುತ್ತದೆ. ‘ಮುಂಜಾನಿಯಿಂದ ಎಷ್ಟು ಸಲ ಮೂತ್ರಕ್ಕ ಹೋಗಿ?’ ಎಂದು ಕೇಳಿದರೆ ಸುಳ್ಳು ಹೇಳುವುದು ಕಷ್ಟ.

ಡೆಂಗಿಯಲ್ಲಂತೂ ಈ ಒಂದು ಪ್ರಶ್ನೆಗೆ ಬಹಳ ಬೆಲೆ ಇದೆ. ಮಳೆಗಾಲದ ಹಾಸ್ಟೆಲ್ಲುಗಳಲ್ಲಿ ಮುಚ್ಚದ ನೀರಿನ ಟ್ಯಾಂಕು, ಕಿಟಕಿಯ ಕೂಲರು, ಮಾಳಿಗೆಯ ಮೇಲಿನ ಒಡೆದ ಬಕೆಟ್ಟು ಇವೆಲ್ಲ ಹಗಲು ಕಚ್ಚುವ ಈಡಿಸ್ ಸೊಳ್ಳೆಯ ಮನೆ. ಜ್ವರ ಬಂದ ಮೊದಲ ಐದು ದಿನಗಳೊಳಗೆ ಎನ್‌ಎಸ್‌1 ಪರೀಕ್ಷೆ ಮಾಡಿಸಬೇಕು, ಆಮೇಲಾದರೆ ಐಜಿಎಂ. 2024ರಲ್ಲಿ ಡೆಂಗಿ ಏರಿದಾಗ ರಾಜ್ಯ ಸರ್ಕಾರ ಖಾಸಗಿ ಪ್ರಯೋಗಾಲಯಗಳಲ್ಲಿ ಈ ಎಲಿಸಾ ಪರೀಕ್ಷೆಗಳಿಗೆ ತಲಾ 300 ರೂಪಾಯಿ ದರ ಕಟ್ಟಿತು. ದುಡ್ಡಿಗೆ ಹೆದರಿ ಪರೀಕ್ಷೆ ಮುಂದೂಡುವ ಹುಡುಗನಿಗೆ ‘ಇವತ್ತ ಮಾಡಿಸು, ರೊಕ್ಕ ಹಾಕೇನಿ’ ಎಂದು ಅದೇ ಗಳಿಗೆಯಲ್ಲಿ ಫೋನ್‌ಪೇ ಮಾಡುವುದು ನೂರು ಕಿವಿಮಾತಿಗಿಂತ ಹೆಚ್ಚು.

ಊರಲ್ಲಿ ಕೂತವರನ್ನು ಡೆಂಗಿ ಎರಡು ಕಡೆ ಮೋಸ ಮಾಡುತ್ತದೆ. ಮೂರರಿಂದ ಏಳನೇ ದಿನದ ನಡುವೆ ಜ್ವರ ಇಳಿಯುತ್ತದೆ. ‘ಜ್ವರ ಬಿಟ್ಟತವ್ವ’ ಎಂಬ ಮಾತು ಕೇಳಿ ಮನೆಯವರು ದೇವರಿಗೆ ಕಾಯಿ ಒಡೆಸುತ್ತಾರೆ. ಅಪಾಯದ ಅವಧಿ ತೆರೆದುಕೊಳ್ಳುವುದು ಆಗಲೇ, ಮುಂದಿನ 24ರಿಂದ 48 ಗಂಟೆ. ಬಿಡದ ಹೊಟ್ಟೆನೋವು, ಮೇಲಿಂದ ಮೇಲೆ ವಾಂತಿ, ವಸಡಿನಲ್ಲಿ ಮೂಗಿನಲ್ಲಿ ರಕ್ತ, ಕೈಕಾಲು ತಣ್ಣಗಾಗುವುದು, ಮಂಕು ಅಥವಾ ವಿಪರೀತ ಚಡಪಡಿಕೆ, ಆರು ಗಂಟೆಯಾದರೂ ಮೂತ್ರ ಬಾರದಿರುವುದು; ಇವುಗಳಲ್ಲಿ ಒಂದು ಕಂಡರೂ ಮಗು ಆಸ್ಪತ್ರೆಯಲ್ಲಿರಬೇಕು. ಎರಡನೆಯ ಮೋಸ ಪ್ಲೇಟ್‌ಲೆಟ್ ಲೆಕ್ಕದ್ದು. ದಿನಕ್ಕೆ ಎರಡು ಸಲ ವಾಟ್ಸ್‌ಆ್ಯಪ್‌ನಲ್ಲಿ ಬರುವ ಆ ಒಂದು ಸಂಖ್ಯೆಯನ್ನು ಹಿಡಿದು ಇಡೀ ಬಳಗ ನಡುಗುತ್ತದೆ. ಪಪ್ಪಾಯಿ ಎಲೆ ಅರೆದು ಕುಡಿಸಿ ಎನ್ನುತ್ತದೆ. ವೈದ್ಯರು ಅದಕ್ಕಿಂತ ಹೆಚ್ಚಾಗಿ ನೋಡುವುದು ಮೈಯಲ್ಲಿ ಸಾಕಷ್ಟು ನೀರಿನಂಶ ಉಳಿದಿದೆಯೇ, ರಕ್ತದೊತ್ತಡ ಹೇಗಿದೆ, ರಕ್ತ ಸೋರುತ್ತಿದೆಯೇ ಎಂಬುದನ್ನು. ಆದ್ದರಿಂದ ಫೋನಿನಲ್ಲಿ ಕೇಳಬೇಕಾದದ್ದು ‘ಎಷ್ಟು ಕುಡದಿ, ಎಷ್ಟು ಸಲ ಹ್ವಾದಿ, ಹೊಟ್ಟಿ ನೋಯ್ತದೇನು’ ಎಂದು. ಓಆರ್‌ಎಸ್, ಎಳನೀರು, ಗಂಜಿ, ಮಜ್ಜಿಗೆ ಯಾವುದಾದರೂ ಸರಿ. ಗುಳಿಗೆಯಲ್ಲಿ ಪ್ಯಾರಾಸಿಟಮಾಲ್ ಒಂದೇ. ಐಬುಪ್ರೊಫೆನ್, ಆಸ್ಪಿರಿನ್ ಬೇಡವೇ ಬೇಡ, ರಕ್ತ ಸೋರುವುದು ಹೆಚ್ಚಾಗುತ್ತದೆ. ಪ್ಯಾರಾಸಿಟಮಾಲ್ ಕೂಡ 24 ಗಂಟೆಯಲ್ಲಿ 4 ಗ್ರಾಂ ದಾಟಬಾರದು. 650ರ ಗುಳಿಗೆ ನುಂಗಿ, ಮೇಲೆ ಅದೇ ಔಷಧ ಇರುವ ಶೀತದ ಗುಳಿಗೆಯನ್ನೂ ನುಂಗುವ ಮಕ್ಕಳಿಗೆ ಇದು ಗೊತ್ತಿರುವುದಿಲ್ಲ. ಗುಳಿಗೆ ಪಟ್ಟಿಯ ಫೋಟೊ ತರಿಸಿಕೊಂಡು ನಮ್ಮೂರಿನ ಡಾಕ್ಟರಿಗೆ ತೋರಿಸಿದರೆ ಎಷ್ಟೋ ಅನುಕೂಲ.

ಟೈಫಾಯಿಡ್ ಆದರೆ ಮನೆಯವರ ಕೆಲಸ ಒಂದೇ: ಜ್ವರ ಬಿಟ್ಟ ಮೇಲೂ ಆ್ಯಂಟಿಬಯಾಟಿಕ್ ಕೊನೆಯ ಗುಳಿಗೆಯವರೆಗೆ ಹೋಯಿತೇ ಎಂದು ದಿನಾ ಕೇಳುವುದು. ಕಾಮಾಲೆಯಲ್ಲಿ ಕಷ್ಟ ಬೇರೆ. ಹಾಸ್ಟೆಲಿನ ಕೆಟ್ಟ ನೀರಿನಿಂದ ಬರುವ ಹೆಪಟೈಟಿಸ್ ‘ಎ’ಗೆ ಪ್ರತ್ಯೇಕ ಔಷಧವಿಲ್ಲ, ವಿಶ್ರಾಂತಿ, ಊಟ, ಕಾಲ. ಅದಕ್ಕೇ ನಾಟಿ ಔಷಧದ ಕೀರ್ತಿ ಬೆಳೆದಿದೆ. ತಾನಾಗಿ ವಾಸಿಯಾಗುವ ರೋಗಕ್ಕೆ ಎಲೆ ಕೊಟ್ಟವರ ಹೆಸರು. ಬಳಲಿದ ಮಗುವನ್ನು 400 ಕಿಲೋಮೀಟರಿಗೂ ಹೆಚ್ಚು ದೂರ ಕರೆತಂದು, ಏನೆಂದು ತಿಳಿಯದ ರಸವನ್ನು ನೊಂದ ಯಕೃತ್ತಿಗೆ ಸುರಿಯುವುದನ್ನು ನಾನು ಒಪ್ಪಲಾರೆ. ವಾಂತಿ ನಿಲ್ಲದಿದ್ದರೆ, ಮಾತು ತೊದಲಿದರೆ, ಹಗಲು ರಾತ್ರಿಯ ಗುರುತು ತಪ್ಪಿದರೆ ಅಲ್ಲೇ ದೊಡ್ಡ ಆಸ್ಪತ್ರೆಗೆ ಸೇರಿಸಬೇಕು.

ಮೂರ್ಛೆ ರೋಗ, ಆಸ್ತಮಾ, ಟೈಪ್ 1 ಮಧುಮೇಹ ಇರುವ ಮಕ್ಕಳ ಮಾತು ಬಂದಾಗ ನಮ್ಮಲ್ಲಿ ಇನ್ನೊಂದು ಮುಚ್ಚುಮರೆ ಇದೆ, ಅದೂ ಹೆತ್ತವರದೇ. ನಾಳೆ ಮದುವೆಗೆ ತೊಡಕಾದೀತೆಂದು ‘ಯಾರಿಗೂ ಹೇಳಬ್ಯಾಡ’ ಎಂದು ಕಳಿಸುತ್ತಾರೆ. ಕೋಣೆಯ ಗೆಳತಿಗೆ ಗೊತ್ತಿಲ್ಲದ ಮೂರ್ಛೆ ಅಪಾಯಕಾರಿ. ಆಕೆ ಬಾಯಿಗೆ ಚಮಚ ತುರುಕುತ್ತಾಳೆ, ಮೂಗಿಗೆ ಉಳ್ಳಾಗಡ್ಡಿ ಹಿಡಿಯುತ್ತಾಳೆ, ಕೈಗೆ ಕಬ್ಬಿಣ ಕೊಡುತ್ತಾಳೆ. ಒಂದು ಮಗ್ಗುಲಿಗೆ ಹೊರಳಿಸಿ, ತಲೆಯ ಕೆಳಗೆ ಮೆತ್ತನೆಯದನ್ನಿಟ್ಟು, ಗಡಿಯಾರ ನೋಡಬೇಕು, ಐದು ನಿಮಿಷ ಮೀರಿದರೆ 108ಕ್ಕೆ ಕರೆ ಮಾಡಬೇಕು ಎಂದು ಆ ಹುಡುಗಿಗೆ ಮೊದಲೇ ಹೇಳಿಕೊಟ್ಟು ಬರಬೇಕಾದವರು ನಾವು. ಇನ್ಸುಲಿನ್ ತೆಗೆದುಕೊಳ್ಳುವ ಹುಡುಗ ಜ್ವರದಲ್ಲಿ ಊಟ ಬಿಟ್ಟೆನೆಂದು ಇನ್ಸುಲಿನ್ನನ್ನೂ ಪೂರ್ತಿ ಬಿಡಬಾರದು. ಆ ದಿನದ ಪ್ರಮಾಣವನ್ನು ವೈದ್ಯರನ್ನೇ ಕೇಳಬೇಕು.

ಕೋಣೆಯ ಗೆಳೆಯರ ಜತೆಗೆ ಅದೇ ಊರಿನಲ್ಲಿ ದೊಡ್ಡವರೊಬ್ಬರೂ ಬೇಕು. ಬೀಗರಾಗಲಿ, ಓಣಿಯವರಾಗಲಿ, ಅಲ್ಲಿ ನೌಕರಿ ಮಾಡುವ ನಮ್ಮೂರಿನವರಾಗಲಿ. ಸಂಕೋಚ ಬಿಟ್ಟು ಮೊದಲೇ ಕೇಳಿಟ್ಟುಕೊಳ್ಳಬೇಕು, ಮಗುವನ್ನು ಒಮ್ಮೆ ಅವರ ಮನೆಗೆ ಊಟಕ್ಕೆ ಕಳಿಸಬೇಕು. 18 ತುಂಬಿದ ಮಗುವಿನ ಚಿಕಿತ್ಸೆಗೆ ಒಪ್ಪಿಗೆ ಕೊಡುವುದು ಅದರದೇ ಹಕ್ಕು, ಆದರೂ ರಾತ್ರಿ ಎರಡು ಗಂಟೆಗೆ ದಾಖಲು ಮಾಡುವ ಆಸ್ಪತ್ರೆ ಜತೆಗೆ ಬಂದವರು ಯಾರು ಎಂದು ಕೇಳಿಯೇ ಕೇಳುತ್ತದೆ. ಮನೆಯ ಬಿಪಿಎಲ್ ಕಾರ್ಡಿನ ಫೋಟೊ ಮಗುವಿನ ಫೋನಿನಲ್ಲೂ ಇರಲಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಸಿಗುತ್ತದೆ. ಆದರೆ ತುರ್ತು ಪ್ರಸಂಗ ಬಿಟ್ಟರೆ ಖಾಸಗಿ ಆಸ್ಪತ್ರೆಗೆ ಹೋಗಲು ಸರ್ಕಾರಿ ಆಸ್ಪತ್ರೆಯ ಶಿಫಾರಸು ಬೇಕು. ಗಾಬರಿಯಲ್ಲಿ ನೇರ ಖಾಸಗಿಗೆ ಸೇರಿಸಿ, ಆಮೇಲೆ ಬಂಗಾರ ಒತ್ತೆ ಇಟ್ಟ ಮನೆಗಳಿವೆ. ವೈದ್ಯರ ಪ್ರಮಾಣಪತ್ರವನ್ನೂ ಕೂಡಲೇ ತೆಗೆದುಕೊಳ್ಳಬೇಕು. ವಿಟಿಯು ಕಾಲೇಜುಗಳಲ್ಲಿ ಶೇ 85ರಷ್ಟು ಹಾಜರಾತಿ ಬೇಕು. ಅನಾರೋಗ್ಯದ ಕಾರಣಕ್ಕೆ ಶೇ 75ರವರೆಗೆ ಸಡಿಲಿಕೆ ಸಿಗಬಹುದು. ಹಾಜರಾತಿಯ ಹೆದರಿಕೆಗೇ ಜ್ವರದಲ್ಲಿ ತರಗತಿಗೆ ಹೋಗಿ ಕೂಡುವ ಮಕ್ಕಳಿಗೆ ಈ ಒಂದು ಮಾತು ಅರ್ಧ ಔಷಧ.

ಹೋಗಬೇಕೋ ಬೇಡವೋ? ದಾಖಲಾದರೆ ಹೋಗಲೇಬೇಕು, ನನಗೆ ಇದರಲ್ಲಿ ಎರಡನೆಯ ಯೋಚನೆ ಇಲ್ಲ. ಬಾಗಲಕೋಟೆ, ಬಾದಾಮಿಯವರಿಗೆ ಬೆಂಗಳೂರಿಗೆ ಗೋಲಗುಂಬಜ್ ಎಕ್ಸ್‌ಪ್ರೆಸ್ ಇದೆ. ಹುನಗುಂದಕ್ಕೂ ಇಳಕಲ್ಲಿಗೂ ರೈಲಿಲ್ಲ. ಹೊಸಪೇಟೆ, ಚಿತ್ರದುರ್ಗದ ಹೆದ್ದಾರಿಯಲ್ಲಿ ರಾತ್ರಿ ಬಸ್ಸೇ ಗತಿ. 2023ರ ಜೂನ್ 11ರಂದು ಹೆಣ್ಣುಮಕ್ಕಳಿಗೆ ಪುಕ್ಕಟೆ ಬಸ್ ಪ್ರಯಾಣದ ಶಕ್ತಿ ಯೋಜನೆ ಬಂದ ಮೇಲೆ ಒಂದು ದೊಡ್ಡ ಬದಲಾವಣೆ ಆಗಿದೆ: ಗಂಡನ ಜೇಬಿಗೆ ಕಾಯದೆ, ಮಾಲೀಕರ ಹತ್ತಿರ ಮುಂಗಡ ಕೇಳದೆ, ತಾಯಿಯೊಬ್ಬಳು ಆಧಾರ್ ಕಾರ್ಡು ಹಿಡಿದು ಕೆಂಪು ಬಸ್ಸು ಹತ್ತಿ ಮಗುವಿನ ಹಾಸಿಗೆಯ ಪಕ್ಕ ಬಂದು ಕೂಡಬಲ್ಲಳು. ಸ್ಲೀಪರಿನ ಸುಖ ಇಲ್ಲ, ಬೆನ್ನು ನೋಯುತ್ತದೆ, ಆದರೂ ಬೆಳಗಾಗುವುದರಲ್ಲಿ ಆಕೆ ಅಲ್ಲಿರುತ್ತಾಳೆ.

ಮೈಯ ಜ್ವರಕ್ಕಿಂತ ಮನಸ್ಸಿನ ಕಾಯಿಲೆ ಫೋನಿನಲ್ಲಿ ಹಿಡಿಯಲು ಕಷ್ಟ. ‘ನಿದ್ದಿ ಬರಂಗಿಲ್ಲ’, ‘ಊಟ ಸೇರಂಗಿಲ್ಲ’, ವಾರಗಟ್ಟಲೆ ತಲೆನೋವು, ಕರೆ ಎತ್ತದಿರುವುದು. ನಮ್ಮಲ್ಲಿ ಗಾಳಿ ಸೋಕಿತೆಂದು ತಾಯತ ಕಟ್ಟಿಸುತ್ತಾರೆ. ಕಟ್ಟಿಸಿಕೊಳ್ಳಲಿ, ಜತೆಗೆ ವೈದ್ಯರ ಹತ್ತಿರವೂ ಹೋಗಲಿ. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ನಮಗೆ ದೂರವಲ್ಲ. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್ ಸಹಾಯವಾಣಿಯ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ; ಏನು ಮಾಡಬೇಕೆಂದು ತಿಳಿಯದ ತಂದೆ ತಾಯಿಯೂ ಮಾಡಬಹುದು. ‘ಸಾಯಬೇಕು ಅನ್ನಸೈತೇನು?’ ಎಂದು ನೇರ ಕೇಳಲು ಹೆದರಬಾರದು. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ, ಹೇಳಿಕೊಳ್ಳಲು ಬಾಗಿಲು ತೆರೆಯುತ್ತದೆ. ‘ಹೂಂ’ ಎಂದರೆ ಆ ಕರೆಯನ್ನು ಕಡಿಯದೆ, ಮನೆಯ ಇನ್ನೊಂದು ಫೋನಿನಿಂದ ವಾರ್ಡನ್ನಿಗೋ ಗೆಳೆಯನಿಗೋ ಹೇಳಿ, ಕೋಣೆಗೆ ಯಾರಾದರೂ ಬಂದು ಕೂಡುವವರೆಗೆ ಮಾತಾಡುತ್ತಲೇ ಇರಬೇಕು.

ನಮ್ಮ ಮಕ್ಕಳು ದೂರ ಹೋದಂತೆ ದೂರದ ಮಕ್ಕಳೂ ನಮ್ಮಲ್ಲಿಗೆ ಬಂದಿದ್ದಾರೆ. 1963ರ ಬಸವೇಶ್ವರ ಎಂಜಿನಿಯರಿಂಗ್ ಕಾಲೇಜು, 2002ರ ಎಸ್. ನಿಜಲಿಂಗಪ್ಪ ವೈದ್ಯಕೀಯ ಕಾಲೇಜು, 2008ರ ತೋಟಗಾರಿಕೆ ವಿಶ್ವವಿದ್ಯಾಲಯ ಸೇರಿ ಬಾಗಲಕೋಟೆಯನ್ನು ಹೊರಗಿನವರ ಊರೂ ಮಾಡಿವೆ. ವಿದ್ಯಾಗಿರಿಯ, ನವನಗರದ ಬಾಡಿಗೆ ಕೋಣೆಗಳಲ್ಲಿ ಹೊರರಾಜ್ಯದ ಮಕ್ಕಳೂ ಮಲಗಿರುತ್ತಾರೆ, ಅವರೂ ‘ಆರಾಮ ಇದ್ದೇನೆ’ ಎಂದು ತಮ್ಮ ತಮ್ಮ ಭಾಷೆಯಲ್ಲಿ ಸುಳ್ಳು ಹೇಳುತ್ತಾರೆ. ಅಲ್ಲಿನ ಮನೆ ಮಾಲೀಕರಿಗೆ, ಖಾನಾವಳಿಯ ಅಕ್ಕಂದಿರಿಗೆ ನನ್ನದೊಂದು ವಿನಂತಿ: ಬಾಡಿಗೆಯ ಮುಂಗಡ ಎಣಿಸಿಕೊಳ್ಳುವ ದಿನವೇ ಆ ಮಕ್ಕಳ ತಾಯಿಯ ನಂಬರನ್ನೂ ಬರೆದಿಟ್ಟುಕೊಳ್ಳಿ. ಎರಡು ಹೊತ್ತು ಊಟಕ್ಕೆ ಬಾರದ ಹುಡುಗನ ಕೋಣೆಯ ಬಾಗಿಲು ಬಡಿಯಿರಿ. ಮೈ ಬಿಸಿ ಇದ್ದರೆ ಒಂದು ಲೋಟ ಗಂಜಿ ಕೊಟ್ಟು ಆಸ್ಪತ್ರೆಗೆ ಕರೆದೊಯ್ಯಿರಿ, ಆಟೊದಲ್ಲಿ ಕೂತು ಆ ನಂಬರಿಗೆ ಫೋನ್ ಹಚ್ಚಿರಿ. ಭಾಷೆ ಬಾರದಿದ್ದರೆ ವೀಡಿಯೊ ಕರೆ ಮಾಡಿ ಮಗನ ಮುಖ ತೋರಿಸಿರಿ.