ನಾಲು ಬಿಚ್ಚಿದ ಗೊರಸು

ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯಲ್ಲಿ ಕುದುರೆಗೆ ಇನ್ನೂ ಕೆಲಸವಿದೆ. ಮದುವೆ ಮೆರವಣಿಗೆಯಲ್ಲಿ ಮದುಮಗನನ್ನು ಹೊರುತ್ತದೆ, ಜಾತ್ರೆಯ ಶರ್ಯತ್ತಿನಲ್ಲಿ ಗಾಡಿ ಎಳೆಯುತ್ತದೆ, ಕುರುಬರ ಹಿಂಡಿನ ಜೊತೆ ಊರಿಂದೂರಿಗೆ ನಡೆಯುತ್ತದೆ. ಮೆರವಣಿಗೆಯ ಕುದುರೆಗೆ ನಾಲು ಬಡಿಸುವುದು ರೂಢಿ. ಕುರುಬರ ಗಿಡ್ಡ ಕುದುರೆಯ ಕಾಲೆತ್ತಿ ನೋಡಿ. ನಾನು ನೋಡಿದವುಗಳಲ್ಲಿ ಹೆಚ್ಚಿನವಕ್ಕೆ ಕಬ್ಬಿಣವೇ ಇರಲಿಲ್ಲ. ಗುಡಾರ, ಪಾತ್ರೆ, ಕೋಳಿ, ಆಗತಾನೆ ಹುಟ್ಟಿದ ಮರಿ ಎಲ್ಲವನ್ನೂ ಹೇರಿಕೊಂಡು, ಕುರಿ ತರುಬುವ ಹೊಲದಿಂದ ಹೊಲಕ್ಕೆ ತಿಂಗಳುಗಟ್ಟಲೆ ಬರಿಗಾಲಲ್ಲೇ ನಡೆಯುತ್ತವೆ. ಗೊರಸಿನ ಅಂಚು ದುಂಡಗೆ, ಅಂಗಾಲು ಗಟ್ಟಿ.

ಈ ಗೊರಸನ್ನು ಯಾರೂ ಕೆತ್ತಿಲ್ಲ, ನಡಿಗೆಯೇ ಕೆತ್ತಿದೆ. ಗೋಕಾಕದ ಗುಡ್ಡಗಳ ಮರಳುಗಲ್ಲು ದಿನವೂ ಅದನ್ನು ಸವೆಸುತ್ತದೆ. ಕುದುರೆಯ ಗೊರಸು ತಿಂಗಳಿಗೆ ಸುಮಾರು 6ರಿಂದ 10 ಮಿಲಿಮೀಟರ್ ಬೆಳೆಯುತ್ತದೆ, ಮುಂತುದಿಯಲ್ಲಿ ಪೂರ್ತಿ ಹೊಸದಾಗಲು ಹತ್ತಿರ ಹತ್ತಿರ ಒಂದು ವರ್ಷ ಬೇಕು. ಬೆಳೆದಷ್ಟು ಸವೆದರೆ ಯಾರ ಕೈಯೂ ಬೇಡ. ಗೂಟಕ್ಕೆ ಕಟ್ಟಿ ಸಾಕಿದ ಕುದುರೆಗೆ ಆ ಸವೆತವಿಲ್ಲ. ಅಲ್ಲಿ ನಾಲು ಬಡಿಯದೆ, 4ರಿಂದ 8 ವಾರಕ್ಕೊಮ್ಮೆ ಗೊರಸನ್ನು ಅದರ ಸಹಜ ರೂಪಕ್ಕೆ ತರುವ ಕಸುಬಿಗೆ ಹೊರಗಿನವರು ಬೇರ್‌ಫುಟ್ ಟ್ರಿಮ್ಮಿಂಗ್ ಎನ್ನುತ್ತಾರೆ.

ಈ ಬರಿಗಾಲು ಪಂಥಕ್ಕೆ ದಾರಿ ತೋರಿದವರಲ್ಲೊಬ್ಬರು ಅಮೆರಿಕದ ಜೇಮಿ ಜಾಕ್ಸನ್. ಅವರೂ ನಾಲು ಬಡಿಯುವ ಕಸುಬಿನವರೇ. 1982ರಿಂದ 1986ರವರೆಗೆ ಗ್ರೇಟ್ ಬೇಸಿನ್ ಎಂಬ ಒಣಸೀಮೆಯಲ್ಲಿ ಕಾಡುಕುದುರೆಗಳ ಗೊರಸನ್ನು ಅಭ್ಯಾಸ ಮಾಡಿ, 1992ರಲ್ಲಿ ‘ದ ನ್ಯಾಚುರಲ್ ಹಾರ್ಸ್’ ಎಂಬ ಪುಸ್ತಕ ತಂದರು. ಕಲ್ಲುನೆಲದಲ್ಲಿ ನಿತ್ಯ ಮೈಲುಗಟ್ಟಲೆ ನಡೆಯುವ ಕುದುರೆಗೆ ನಾಲಿಲ್ಲದೆಯೂ ಕಾಲು ಕೆಡುವುದಿಲ್ಲ ಎಂಬುದು ಅವರು ಕಂಡ ಸಂಗತಿ. ನಮ್ಮ ಕುರುಬರಿಗೆ ಇದು ಹೊಸದಲ್ಲ.

ಗೊರಸನ್ನು ಮಗುಚಿ ನೋಡಿದರೆ ಕಸುಬಿನ ಒಳಗುಟ್ಟು ತಿಳಿಯುತ್ತದೆ. ಸುತ್ತಲೂ ಗಟ್ಟಿ ಗೋಡೆ. ಅದರ ಒಳಬದಿಗೆ ಬಿಳಿಗೆರೆ, ಅದರಾಚೆ ತುಸು ತಗ್ಗಾದ ಅಂಗಾಲು. ಹಿಮ್ಮಡಿಯಿಂದ ಮುಂದಕ್ಕೆ ಚೂಪಾಗಿ ಬರುವ ರಬ್ಬರಿನಂಥ ಭಾಗಕ್ಕೆ ಇಂಗ್ಲಿಷಿನವರು ಫ್ರಾಗ್ ಎನ್ನುತ್ತಾರೆ. ಕುದುರೆ ಭಾರ ಹಾಕಿದಾಗ ಹಿಮ್ಮಡಿ ಸ್ವಲ್ಪ ಅಗಲವಾಗುತ್ತದೆ, ಕಾಲೆತ್ತಿದಾಗ ಮೊದಲಿನಂತಾಗುತ್ತದೆ. ನೆಲದ ಪೆಟ್ಟು ತಡೆಯುವುದೂ ಕಾಲಿನ ರಕ್ತ ಮೇಲಕ್ಕೇರಲು ಒತ್ತಾಸೆಯಾಗುವುದೂ ಈ ಚಲನೆಯೇ. ಮೊಳೆ ಹೊಡೆದ ಕಬ್ಬಿಣ ಇದನ್ನು ಬಿಗಿ ಹಿಡಿಯುತ್ತದೆ ಎಂಬುದು ಬರಿಗಾಲು ಪಂಥದವರ ಮುಖ್ಯ ವಾದ. ಹಾಗೆಂದು ನಾಲು ಬರೀ ಕೇಡು ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ದಿನವಿಡೀ ಡಾಂಬರಿನ ಮೇಲೆ ಭಾರ ಎಳೆಯುವ ಪ್ರಾಣಿಗೆ ಗೊರಸು ಬೆಳೆಯುವುದಕ್ಕಿಂತ ಬೇಗ ಸವೆದರೆ ರಕ್ಷಣೆ ಬೇಕೇ ಬೇಕು.

ಬರಿಗಾಲು ಟ್ರಿಮ್ಮಿಂಗ್ ಕಸುಬು ಕಲಿಯಲು ನಮ್ಮಲ್ಲಿ ಎಲ್ಲರಿಗಿಂತ ಯೋಗ್ಯರು ನಾಲು ಬಡಿಯುವ ನಾಲಬಂದ ಮನೆತನದವರು. ಕಬ್ಬಿನ ಗಾಡಿಯ ಎತ್ತುಗಳ ಕಾಲು ಕಾಯ್ದವರು ಅವರೇ. ಎತ್ತಿನದು ಸೀಳುಗೊರಸು, ಹಗ್ಗ ಹಾಕಿ ಕೆಡವಿ, ಕಾಲು ಕಟ್ಟಿ, ನಾಲ್ಕು ಕಾಲಿಗೆ ಎಂಟು ತುಂಡು ನಾಲು ಬಡಿಯಬೇಕು. ಕುದುರೆ ನಿಂತೇ ಕಾಲು ಕೊಡುತ್ತದೆ, ಮೊದಲು ಅದರ ನಂಬಿಕೆ ಗಳಿಸಬೇಕು ಅಷ್ಟೆ. ಪ್ರತಿಯೊಬ್ಬ ನಾಲಬಂದನೂ ಮೊಳೆ ಹೊಡೆಯುವ ಮುಂಚೆ ಗೊರಸು ಸಮ ಮಾಡುತ್ತಾನೆ. ಅಸಲು ವಿದ್ಯೆ ಇರುವುದು ಆ ಸಮ ಮಾಡುವುದರಲ್ಲಿ. ಗಾಡಿಗಳ ಜಾಗಕ್ಕೆ ಟ್ರ್ಯಾಕ್ಟರ್ ಬಂದು ಇವರ ಕೈಗೆ ಕೆಲಸ ಕಡಿಮೆಯಾಗಿರುವಾಗ, ಆ ಕೈಯ ತಿಳಿವಳಿಕೆ ಹಾಳಾಗಬಾರದು ಎಂಬುದೇ ನನ್ನ ಕಳಕಳಿ.

ಕೆಲಸ ಹೀಗೆ ಸಾಗುತ್ತದೆ. ಮುಂಗಾಲನ್ನು ಎರಡು ಮೊಣಕಾಲ ನಡುವೆ ಹಿಡಿದುಕೊಳ್ಳಬೇಕು, ಹಿಂಗಾಲನ್ನು ತೊಡೆಯ ಮೇಲೆ. ಮೊದಲು ಮಣ್ಣು, ಸಗಣಿ ಕೆದರಿ ತೆಗೆದು ಮೂಸಿ ನೋಡಬೇಕು. ಕೊಳೆತ ವಾಸನೆ ಬಂದರೆ ಫ್ರಾಗಿನ ಸಂದಿಗೆ ಹುಳುಕು ಹತ್ತಿದೆ ಎಂದರ್ಥ. ಕಾಲುವೆ ನೀರಿನ ಎರೆಹೊಲಗಳ ಕಡೆ, ಒದ್ದೆ ಕಟ್ಟುಜಾಗದಲ್ಲಿ ಈ ಕಾಟ ಜಾಸ್ತಿ. ಆಮೇಲೆ ಇಕ್ಕಳದಿಂದ ಹೆಚ್ಚಿಗೆ ಬೆಳೆದ ಗೋಡೆಯನ್ನಷ್ಟೇ ಕತ್ತರಿಸಿ, ಅಂಗಾಲಿಗಿಂತ ಕೂದಲೆಳೆಯಷ್ಟು ಎತ್ತರ ಉಳಿಸಿ, ಕಾನಸಿನಿಂದ ಹೊರ ಅಂಚನ್ನು ದುಂಡಗೆ ಉಜ್ಜಬೇಕು. ಜೀವಂತ ಅಂಗಾಲಿಗೆ ಕತ್ತಿ ತಾಗಿಸಬಾರದು. ಹೊಸಬರು ಹೆಚ್ಚಾಗಿ ಎಡವುವುದು ಇಲ್ಲೇ: ಚೆಂದ ಕಾಣಲೆಂದು ಕೆತ್ತುತ್ತ ಹೋಗುತ್ತಾರೆ, ಕುದುರೆ ಮರುದಿನ ಕುಂಟುತ್ತದೆ.

ಗೊರಸಿನ ಗೋಡೆಯ ಮೇಲಿನ ಅಡ್ಡ ಬಳೆಗಳನ್ನು ಓದಲು ಬಂದವನು ಅರ್ಧ ವೈದ್ಯ. ಜ್ವರ, ಮೇವಿನ ಬದಲಾವಣೆ, ಹಸಿವು ಎಲ್ಲವೂ ಅಲ್ಲಿ ಗುರುತು ಬಿಟ್ಟಿರುತ್ತವೆ. ಬಳೆಗಳು ಹಿಮ್ಮಡಿ ಕಡೆ ಅಗಲವಾಗಿ ಮುಂದೆ ಒತ್ತಾಗಿದ್ದರೆ, ಬಿಳಿಗೆರೆ ಹಿಗ್ಗಿದ್ದರೆ, ಲ್ಯಾಮಿನೈಟಿಸ್ ಎಂಬ ಗೊರಸಿನ ಉರಿಯೂತದ ಅನುಮಾನ ಬರಬೇಕು. ಕಾಳು ಅತಿಯಾದರೆ, ಸಕ್ಕರೆ ಅಂಶದ ಮೇವು ಹೆಚ್ಚಾದರೆ ಇದು ಬರುತ್ತದೆ. ಸಂಕೇಶ್ವರದ ಹಿರಣ್ಯಕೇಶಿ ಸಕ್ಕರೆ ಕಾರ್ಖಾನೆಯ ಸುತ್ತ ಕಬ್ಬೇ ಬೆಳೆಯುವ ಈ ನೆಲದಲ್ಲಿ, ಶರ್ಯತ್ತಿನ ಕುದುರೆಗೆ ಬಲ ಬರಲೆಂದು ಬೆಲ್ಲ, ಕಾಳು ಸುರಿಯುವ ಮಾಲೀಕರಿಗೆ ಮೊದಲು ತಿಳಿಹೇಳಬೇಕಾದ ಮಾತು ಇದು. ಆ ಹೊತ್ತಿಗೆ ಟ್ರಿಮ್ಮರ್ ತಾನೇ ಮದ್ದು ಮಾಡಲು ಹೋಗದೆ ಪಶುವೈದ್ಯರನ್ನು ಕರೆಯಬೇಕು.

ಕಾನೂನು ಗೊರಸಿನ ಕೆಲಸವನ್ನು ಹಗುರಾಗಿ ಕಂಡಿಲ್ಲ. ಪ್ರಾಣಿಹಿಂಸೆ ತಡೆ ಕಾಯ್ದೆಯಡಿ ನಾಲು ಬಡಿಯುವವರಿಗೆ ಪರವಾನಗಿ ಬೇಕೆಂಬ ನಿಯಮ 1965ರಲ್ಲೇ ಬಂತು. ಅದೇ ವರ್ಷದ ಇನ್ನೊಂದು ನಿಯಮ ಗಿಡ್ಡ ಕುದುರೆಯ ಬೆನ್ನ ಮೇಲೆ 70 ಕಿಲೋಗಿಂತ ಹೆಚ್ಚು ಹೇರಬಾರದು ಎನ್ನುತ್ತದೆ. ದುಡಿಯುವ ಕುದುರೆ, ಕತ್ತೆಗಳಿಗಾಗಿ ಇರುವ ಬ್ರೂಕ್ ಇಂಡಿಯಾ ಸಂಸ್ಥೆ ದೇಶದ ಹಲವೆಡೆ ನಾಲಬಂದರಿಗೆ ತರಬೇತಿ ಕೊಡುತ್ತ ಬಂದಿದೆ. ಕಲಿಯುವವನು ಅನುಭವಿ ನಾಲಬಂದನ ಪಕ್ಕ ನಿಂತು ಮೊದಲು ಕಾಲೆತ್ತುವುದು, ತೊಳೆಯುವುದು ಕಲಿಯಲಿ. ಸತ್ತ ಕುದುರೆಯ ಗೊರಸು ಸಿಕ್ಕರೆ ವೈದ್ಯರ ಎದುರು ಸೀಳಿ ಒಳಗಿನ ಎಲುಬು ಎಲ್ಲಿ ಕೂತಿದೆ ಎಂದು ನೋಡಲಿ. ಒಮ್ಮೆ ಅದನ್ನು ಕಂಡವನು ಕತ್ತಿಯನ್ನು ಎಲ್ಲೆಂದರಲ್ಲಿ ಆಡಿಸುವುದಿಲ್ಲ.

ನಮ್ಮ ಕಡೆ ಇದನ್ನು ಶುರು ಮಾಡುವವರಿಗೆ ಪಂಚಾಂಗವೇ ಅನುಕೂಲ ಮಾಡಿಕೊಟ್ಟಿದೆ. ಆಷಾಢದಲ್ಲಿ ಮದುವೆಯ ಮುಹೂರ್ತವಿಲ್ಲ, ತುಳಸಿ ಲಗ್ನದವರೆಗೂ ಮೆರವಣಿಗೆ ವಿರಳ. ನಾಲು ಬಿಚ್ಚಿದ ಕುದುರೆಗೆ ಬರಿಗಾಲು ಒಗ್ಗಲು ತಿಂಗಳುಗಳೇ ಬೇಕು, ಆ ಬಿಡುವು ಇಲ್ಲಿ ಸಿಗುತ್ತದೆ. ಅದು ಮಳೆಗಾಲ, ಆದರೆ ಕೆಸರಿಗೆ ಉಪಾಯ ಬಲು ಹಳೆಯದು. ಕ್ರಿಸ್ತಪೂರ್ವ 4ನೇ ಶತಮಾನದ ಗ್ರೀಕ್ ಲೇಖಕ ಕ್ಸೆನೊಫನ್, ಕುದುರೆ ನಿಲ್ಲುವ ಅಂಗಳಕ್ಕೆ ಮುಷ್ಟಿ ಗಾತ್ರದ ದುಂಡುಕಲ್ಲುಗಳನ್ನು ನಾಲ್ಕೈದು ಗಾಡಿ ಸುರಿಯಿರಿ ಎಂದು ಬರೆದಿದ್ದಾನೆ. ಘಟಪ್ರಭೆಯ ದಂಡೆಯವರಿಗೆ ಅಂಥ ಕಲ್ಲು ಹುಡುಕುವ ಕಷ್ಟವಿಲ್ಲ. ಕಟ್ಟುಜಾಗವನ್ನು ಒಂದಿಷ್ಟು ಎತ್ತರಿಸಿ, ಕಲ್ಲು ಹಾಸಿ, ನೀರು ಹರಿದುಹೋಗುವಂತೆ ಮಾಡಿದರೆ ಸಾಕು. ಮೊದಲ ತಿಂಗಳು ಮೆತ್ತನೆಯ ನೆಲದಲ್ಲಿ ನಿಧಾನ ನಡೆಸಿ, ಆಮೇಲೆ ಗರಸಿನ ಮೇಲೆ ದಿನಕ್ಕಿಷ್ಟು ಎಂದು ಹೆಚ್ಚಿಸುತ್ತ ಹೋಗಬೇಕು. ಕುದುರೆ ಹಿಮ್ಮಡಿಯನ್ನು ಮೊದಲು ಊರಿ ಧೈರ್ಯದಿಂದ ಹೆಜ್ಜೆ ಹಾಕತೊಡಗಿದರೆ ಗೊರಸು ತಯಾರಾಯಿತು. ತುದಿಗಾಲಲ್ಲಿ ಅಳುಕುತ್ತ ನಡೆದರೆ ಇನ್ನೂ ಕಾಯಬೇಕು.